ಕೊಡೆಯಕ್ಕ ಎಸೆದ ಕಡ್ಡಿ

ಪೇಟೆಯ ನಡುವಿನ ಮೂರಂತಸ್ತಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯೇ ಕೊಡೆಯಕ್ಕನ ಅಂಗಡಿ. ಅಂಗಡಿ ಎಂದರೆ ಒಂದು ಗಿಡ್ಡ ಸ್ಟೂಲು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಯ ಮೊಳೆಗಳಿಗೆ ಬಾವಲಿಗಳ ಹಾಗೆ ನೇತುಬಿದ್ದ ಕೊಡೆಗಳು. ಯಾರಾದರೂ ಮೆಟ್ಟಿಲು ಹತ್ತಿದರೆ ಅವಳ ತಲೆಯ ಮೇಲೆ ಧೂಳು ಉದುರುತ್ತಿತ್ತು. ಕೊಡೆ, ಚೀಲದ ಜಿಪ್ಪು, ಸೂಟ್‌ಕೇಸಿನ ಹಿಡಿ ಇವೆಲ್ಲ ಅಪ್ಪನಿಂದ ಬಂದ ಕಸುಬು. ನಲವತ್ತೇಳರ ವಯಸ್ಸಿಗೆ ಅವಳು ಕೊಡೆಯನ್ನು ಬಿಚ್ಚದೆಯೇ, ಬಟ್ಟೆಯ ಮೇಲೆ ಬೆರಳಾಡಿಸಿ, ಎಂಟು ಕಡ್ಡಿಗಳಲ್ಲಿ ಯಾವುದು ಮುರಿದಿದೆ ಎಂದು ಹೇಳುತ್ತಿದ್ದಳು.

ಕೆಲಸಕ್ಕೆ ಎಷ್ಟು ಹೆಸರೋ ಅಂಜಿಕೆಗೂ ಅಷ್ಟೇ ಹೆಸರು. ಮನೆಯಿಂದ ಹೊರಟವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬರುವಳು. ಎದುರಿಗೆ ಪೊಲೀಸರು ಬಂದರೆ ಯಾವ ತಪ್ಪೂ ಮಾಡದಿದ್ದರೂ ಚೀಲವನ್ನು ಎದೆಗೊತ್ತಿಕೊಳ್ಳುವಳು. ಫೋನು ಹೊತ್ತಲ್ಲದ ಹೊತ್ತಿನಲ್ಲಿ ರಿಂಗಾದರೆ ಯಾರೋ ಸತ್ತರೆಂದೇ ಲೆಕ್ಕ. "ನೀನು ಹುಟ್ಟಿದಾಗ ಅತ್ತಿದ್ದೂ ಮೆಲ್ಲಗೇ, ಯಾರಾದ್ರೂ ಕೇಳಿಸ್ಕೊಂಡು ಬೈದಾರು ಅಂತ" ಎಂದು ಅವಳ ಅಪ್ಪ ತಮಾಷೆ ಮಾಡುತ್ತಿದ್ದ. ಮದುವೆಯಾಗಲಿಲ್ಲ. ಅದಕ್ಕೂ ಅವಳ ಹೆದರಿಕೆಯೇ ಕಾರಣವೆಂದು ಜನ ಆಡಿಕೊಂಡರು.

ಇದ್ದದ್ದು ತಮ್ಮನ ಮನೆಯಲ್ಲಿ. ತಮ್ಮನಿಗೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ, ಅವನ ಹೆಂಡತಿಗೆ ವಾಚನಾಲಯದಲ್ಲಿ. ಆ ವಾಚನಾಲಯದಲ್ಲಿ ರಜೆಯ ದಿನ ಜನ ಸೇರಿ ಆಡುತ್ತಿದ್ದ ಆಟವೊಂದನ್ನು ತಮ್ಮನ ಹೆಂಡತಿ ಮನೆಗೂ ತಂದಳು. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ, ಹಾಗೆ ಹೇಳುತ್ತೇನೆ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಫಜೀತಿ. ಪ್ರತಿ ಭಾನುವಾರ ಮಧ್ಯಾಹ್ನ ಆಟ. ಕಥೆ ನಡೆಸುವವಳು ತಮ್ಮನ ಹೆಂಡತಿ. ಆಡುವವರು ತಮ್ಮ, ಕೊಡೆಯಕ್ಕ, ಮತ್ತು ಅವಳ ಅಂಗಡಿಯ ಪಕ್ಕದಲ್ಲೇ ಕ್ಷೌರದ ಅಂಗಡಿ ಇಟ್ಟಿದ್ದ, ಎಲ್ಲರೂ ಕತ್ತರಿ ಎಂದು ಕರೆಯುತ್ತಿದ್ದ ಸಣಕಲು ಮನುಷ್ಯ.

ಮೊದಲ ವಾರ ಕೊಡೆಯಕ್ಕ ಬರೀ ನೋಡುತ್ತ ಕೂತಳು. ಎರಡನೆಯ ವಾರ ಅವಳಿಗೂ ಒಂದು ಪಾತ್ರ ಕೊಟ್ಟರು. ಗುಬ್ಬಿ ಎಂಬ ಕಳ್ಳಿ. ಬೆಟ್ಟದ ಕೋಟೆಯೊಂದರಲ್ಲಿ ಸಂಗಡಿಗರ ಜೊತೆ ಸೆರೆಸಿಕ್ಕವಳು. ಕತ್ತಿ, ಚಾಕು ಎಲ್ಲವನ್ನೂ ಕಿತ್ತುಕೊಂಡಿದ್ದಾರೆ. ಬಾಗಿಲಲ್ಲೊಬ್ಬ ಕಾವಲುಗಾರ. ಕೊಡೆಯಕ್ಕ ಬಾಯಿ ತೆರೆದಳು ನೋಡಿ, ಮೇಜಿನ ಸುತ್ತ ಇದ್ದವರು ದಂಗಾದರು. ಗುಬ್ಬಿ ಕಾವಲುಗಾರನಿಗೆ ಬೈದಳು, ಗೋಡೆ ಹತ್ತಿದಳು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದಳು. ತಟ್ಟೆ, ಸೌಟು, ಬೀಗ, ಗೋಡೆಯಿಂದ ಕಿತ್ತ ಇಟ್ಟಿಗೆ. ಹುಲಿಗೆ ಹೆದರುವುದಿರಲಿ, ಅದರ ಮೀಸೆ ಎಳೆಯುವ ಹೆಂಗಸು. "ನಮ್ಮಕ್ಕ ಇವಳನ್ನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ಲು?" ಎಂದು ತಮ್ಮ ನಕ್ಕ.

ಆದರೆ ಎಸೆದದ್ದು ಒಂದೂ ತಾಗಲಿಲ್ಲ. ಆಟದ ನಿಯಮವೇ ಹಾಗಿತ್ತು. ಎಸೆಯಲಿಕ್ಕೆಂದು ಮಾಡದ ವಸ್ತುವನ್ನು ಎಸೆದರೆ ದಾಳದ ಸಂಖ್ಯೆಯಿಂದ ನಾಲ್ಕು ಕಡಿತ. ಗುಬ್ಬಿ ಬೀಸಿದ ಲೋಟ ಒಮ್ಮೆ ಕತ್ತರಿಯ ಪಾತ್ರದ ಹಣೆಗೇ ಬಡಿದು ಅವನು ಕಥೆಯಲ್ಲಿ ಅರ್ಧ ದಿನ ಪ್ರಜ್ಞೆ ತಪ್ಪಿ ಬಿದ್ದ.

"ಇದು ಅನ್ಯಾಯ ಕಣೆ" ಎಂದಳು ಕೊಡೆಯಕ್ಕ. "ನಮ್ಮನ್ನ ಕೂಡಿಹಾಕಿರೋ ಉಗ್ರಾಣದಲ್ಲಿ ಮೆರವಣಿಗೆಯ ದೊಡ್ಡ ಕೊಡೆ ಮುರಿದು ಬಿದ್ದಿದೆ ಅಂದೆಯಲ್ಲ? ಅದರ ಕಡ್ಡಿ ತಗೊಂಡು ಎಸೆಯೋ ಹಾಗೆ ಮಾಡ್ತೀನಿ."

"ಬಾಯಲ್ಲಿ ಮಾಡ್ತೀನಿ ಅಂದ್ರೆ ಆಗಲ್ಲ ಅತ್ತಿಗೆ. ಹೇಗೆ ಮಾಡ್ತೀರಿ, ಅದು ಯಾಕೆ ನೆಟ್ಟಗೆ ಹೋಗುತ್ತೆ, ನಂಗೆ ನಂಬಿಕೆ ಬರೋ ಹಾಗೆ ಹೇಳಿ. ಕಡಿತ ತೆಗೆದುಬಿಡ್ತೀನಿ."

ಆ ಮಾತು ಅವಳನ್ನು ಹಿಡಿದುಕೊಂಡಿತು. ಕಡ್ಡಿ ಎಂದರೆ ಅವಳ ಜೀವನವೇ. ಅದರ ವಿಷಯದಲ್ಲಿ ಗಾಳಿಯಲ್ಲಿ ಗೋಪುರ ಕಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಮಾಡಿಯೇ ನೋಡಿ ಹೇಳಬೇಕು ಅನ್ನಿಸಿತು. ಗುರುವಾರ ಪೇಟೆಗೆ ರಜೆ, ಮನೆಯಲ್ಲಿ ಯಾರೂ ಇರುವುದಿಲ್ಲ. ಅಟ್ಟದಲ್ಲಿ ಅಪ್ಪನ ಕಾಲದ ಕೊಡೆಯೊಂದು ತುಕ್ಕು ಹಿಡಿದು ಬಿದ್ದಿತ್ತು. ಈಗಿನ ಕಡ್ಡಿಗಳು ಹಗುರ, ಎಸೆದರೆ ಗರಿಯಂತೆ ತೇಲಿಹೋಗುತ್ತವೆ. ಹಳೆಯವು ಕಾಲುವೆಯ ಹಾಗೆ ಮಡಚಿದ ಉಕ್ಕಿನವು. ಒಂದನ್ನು ಗೇಣುದ್ದ ಕತ್ತರಿಸಿ, ತುದಿಯನ್ನು ಕಲ್ಲಿಗೆ ಮಸೆದು, ಹಿತ್ತಿಲಲ್ಲಿ ಗೋಡೆಗೆ ಒರಗಿಸಿದ ಹಲಗೆಗೆ ಎಸೆದಳು. ಅದು ಗಾಳಿಯಲ್ಲಿ ಲಾಗ ಹಾಕಿ ಅಡ್ಡಡ್ಡ ಬಡಿದು ಬಿತ್ತು. ಮೂತಿ ಭಾರವಾಗಬೇಕು ಎಂದು ತಾಮ್ರದ ತಂತಿ ಸುತ್ತಿದಳು. ಈಗ ಲಾಗ ಒಂದು ಕಡಿಮೆಯಾಯಿತು. ಬಾಲಕ್ಕೆ ಕೊಡೆಯ ಬಟ್ಟೆಯ ನಾಲ್ಕು ಪಟ್ಟಿ ಕಟ್ಟಿದಳು. ಎಸೆದಳು. ಟಕ್ ಎಂದು ಹಲಗೆಗೆ ನಾಟಿ ನಿಂತು ಗುಂಯ್‌ಗುಟ್ಟಿತು.

ಆ ಸದ್ದು ಕೇಳಿ ಅವಳಿಗೆ ಎಲ್ಲಿಲ್ಲದ ಖುಷಿ. ಅದೇ ರೀತಿ ಇನ್ನೂ ಎರಡು ಕಡ್ಡಿ ಮಾಡಿಕೊಂಡು ನಾಲ್ಕಾರು ಸಲ ಎಸೆದಳು. ಎರಡು ಹೆಜ್ಜೆ ಹಿಂದೆ ಸರಿದು ಎಸೆದಳು. ಆಮೇಲೆ ಇನ್ನೂ ಹಿಂದೆ, ಬಾವಿಯ ಕಟ್ಟೆಯವರೆಗೆ ಹೋಗಿ, ಇಷ್ಟು ದೂರಕ್ಕೆ ತೋಳಿನ ಬಲ ಹೆಚ್ಚು ಬೇಕೆಂದು ಬೀಸಿ ಎಸೆದಳು. ಕಡ್ಡಿ ಹಲಗೆಯ ಮೇಲಿಂದ, ಗೋಡೆಯ ಮೇಲಿಂದ, ಆಚೆ ಹಿತ್ತಿಲಿಗೆ ಹಾರಿತು.

"ಅಯ್ಯಮ್ಮಾ!"

ಹಿಂದೆಯೇ ಬಕೆಟ್ ಉರುಳಿದ ಸದ್ದು. ಧೊಪ್ಪೆಂದು ಏನೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಗೋಡೆಯಾಚೆ ಇದ್ದದ್ದು ಲೆಕ್ಕದ ಮೇಡಂ. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತರ ಹತ್ತಿರದ ವಯಸ್ಸು. ಬಸ್ ಕಂಡಕ್ಟರ್ ಆಗಿದ್ದ ಮಗಳ ಜೊತೆ ಇದ್ದರು. ಮಗಳು ಬೆಳಿಗ್ಗೆ ಡ್ಯೂಟಿಗೆ ಹೋದರೆ ಸಂಜೆಯೇ ಬರುವುದು. ಚರಂಡಿ ನೀರಿನ ವಿಚಾರಕ್ಕೆ ಎರಡೂ ಮನೆಯವರ ನಡುವೆ ಹಿಂದೊಮ್ಮೆ ಮಾತು ಬೆಳೆದಿತ್ತು. ಅಂದಿನಿಂದ ಎದುರಾದರೆ ತಲೆಯಾಡಿಸುವಷ್ಟೇ ಸಲಿಗೆ.

ಕೊಡೆಯಕ್ಕನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಇಳಿಸುವುದು ಹೇಗೆಂದು ಮರೆತವಳಂತೆ ನಿಂತಿದ್ದಳು. ಕೂಗಬೇಕು, ಮೇಡಂ ಏನಾಯ್ತು ಅನ್ನಬೇಕು. ಕೂಗಲಿಲ್ಲ. ಕಣ್ಣಿಗೆ ತಾಗಿತೇ? ಕುತ್ತಿಗೆಗೆ? ಸತ್ತೇಹೋದರೇ? ಆಮೇಲೆ ಅವಳ ಕಾಲು ಚಲಿಸಿದವು, ಆದರೆ ಗೋಡೆಯ ಕಡೆಗಲ್ಲ. ಹಲಗೆಯನ್ನು ಸೌದೆಯ ರಾಶಿಯ ಹಿಂದೆ ತುರುಕಿದಳು. ಉಳಿದ ಕಡ್ಡಿಗಳನ್ನು ಚಿಂದಿಬಟ್ಟೆಯ ಮೂಟೆಯೊಳಗೆ ಹೂತಳು. ಒಳಗೆ ಬಂದು ಹಿಂಬಾಗಿಲ ಚಿಲಕ ಹಾಕಿದಳು. ಹಾಕಿದ್ದೇನೆಯೇ ಎಂದು ಎರಡು ಸಲ ಎಳೆದು ನೋಡಿದಳು.

ಗೋಡೆಯಾಚೆಯಿಂದ ಸಣ್ಣದೊಂದು ದನಿ ಬಂದ ಹಾಗಾಯಿತು. ಬೆಕ್ಕಿರಬಹುದು. ಬೆಕ್ಕೇ ಇರಬೇಕು. ಮೇಡಂ ಕಾಗೆ ನೋಡಿ ಬೆಚ್ಚಿ ಬಕೆಟ್ ಬೀಳಿಸಿರುತ್ತಾರೆ, ಎದ್ದು ಒಳಗೆ ಹೋಗಿರುತ್ತಾರೆ. ಮತ್ತೆ ಆ ದನಿ. ಕೊಡೆಯಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತು ತುಳಿಯತೊಡಗಿದಳು. ಸೂಜಿಗೆ ದಾರವಿರಲಿಲ್ಲ, ಕೆಳಗೆ ಬಟ್ಟೆಯೂ ಇರಲಿಲ್ಲ. ಬರೀ ಸದ್ದು ಬೇಕಿತ್ತು. ಕಟಕಟಕಟ ಎನ್ನುವ ಸದ್ದಿನೊಳಗೆ ತಲೆ ತಗ್ಗಿಸಿ ತುಳಿದಳು, ತುಳಿದಳು.

ಕಾಲು ಸೋತು ನಿಲ್ಲಿಸಿದಾಗ ಕೇಳಿತು. ಟಣ್, ಟಣ್, ಟಣ್. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಯಾರೋ ಚೊಂಬಿನಿಂದ ಬಕೆಟ್ಟಿಗೆ ಬಡಿಯುತ್ತಿದ್ದರು. ಬೆಕ್ಕು ಮೂರು ಮೂರು ಸಲ ಎಣಿಸಿ ಬಡಿಯುವುದಿಲ್ಲ.

ಧೈರ್ಯ ಬಂದು ಎದ್ದಳು ಎಂದು ಹೇಳಿದರೆ ಸುಳ್ಳಾದೀತು. ಆ ಸದ್ದನ್ನು ಕೇಳುತ್ತ ಕೂರುವುದು ಹೋಗಿ ನೋಡುವುದಕ್ಕಿಂತ ಭಯಂಕರವಾಯಿತು, ಅಷ್ಟೇ. ಬೀದಿಗೆ ಬಂದು, ಮೇಡಂ ಮನೆಯ ಗೇಟಿನ ಸಂದಿಯಲ್ಲಿ ಕೈ ತೂರಿ ಅಗಳಿ ತೆಗೆದು, ಮನೆಯ ಪಕ್ಕದ ಓಣಿಯಲ್ಲಿ ಹಿತ್ತಿಲಿಗೆ ಓಡಿದಳು.

ಮೇಡಂ ಒಗೆಯುವ ಕಲ್ಲಿನ ಪಕ್ಕ ಸೋಪಿನ ನೀರಿನಲ್ಲಿ ಬಿದ್ದಿದ್ದರು. ಬಲಗಾಲಿನ ಪಾದ ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಮುಖ ಸುಣ್ಣದಂತೆ ಬಿಳಿಚಿತ್ತು. ಆದರೆ ಕಣ್ಣು ತೆರೆದಿದ್ದವು, ಎರಡೂ ಕಣ್ಣು.

"ಬಂದ್ಯೇನಮ್ಮಾ" ಎಂದರು. "ಕಣಜ ಕಚ್ಚಿತು ನೋಡು, ಭುಜಕ್ಕೆ. ಸೂರಿನಲ್ಲಿ ಗೂಡಿದೆ, ತೆಗೆಸು ಅಂತ ಮಗಳಿಗೆ ಹೇಳ್ತಾನೇ ಇದ್ದೆ. ಬೆಚ್ಚಿ ಹಿಂದೆ ಹೆಜ್ಜೆ ಇಟ್ಟೆ, ಸೋಪಿನ ನೀರು, ಜಾರಿಬಿಟ್ಟೆ."

ಕೊಡೆಯಕ್ಕ ಅವರ ಬೆನ್ನ ಹಿಂದೆ ಬಾಗಿದಳು. ರವಿಕೆಯ ಭುಜದಲ್ಲಿ ಸಣ್ಣ ತೂತು, ಸುತ್ತ ಬಿಲ್ಲೆಯಗಲ ರಕ್ತ. ಚರಂಡಿಯ ಬಾಯಿಯ ಹತ್ತಿರ ನೊರೆಯೊಳಗೆ ಕಡ್ಡಿ ಬಿದ್ದಿತ್ತು, ಅದರ ಬಾಲದ ಕಪ್ಪು ಪಟ್ಟಿಗಳು ನೀರಿನಲ್ಲಿ ಹರಡಿಕೊಂಡಿದ್ದವು. ಮೇಡಂ ಅದನ್ನು ನೋಡಿರಲಿಲ್ಲ. ಕೊಡೆಯಕ್ಕ ಅದರ ಮೇಲೆ ಕಾಲಿಟ್ಟಳು. ಮೇಡಂ ನೋವಿಗೆ ಕಣ್ಣು ಮುಚ್ಚಿದಾಗ ಬಗ್ಗಿ ಎತ್ತಿ ಕೆಲಸದ ಅಂಗಿಯ ಜೇಬಿಗೆ ಇಳಿಬಿಟ್ಟಳು.

ಆಮೇಲಿನದೆಲ್ಲ ಅವಳ ಕೈಗಳು ತಾವಾಗಿಯೇ ಮಾಡಿದವು. ಮುರಿದದ್ದನ್ನು ಅಲುಗಾಡದಂತೆ ಕಟ್ಟುವುದು ಅವಳಿಗೆ ಗೊತ್ತಿದ್ದ ಕೆಲಸ. ಎರಡು ಪಟ್ಟಿ ಹಲಗೆ, ಒಗೆದ ದುಪ್ಪಟಿಯ ತುಂಡು, ಕಾಲಿಗೆ ಆಸರೆ. ಆಂಬುಲೆನ್ಸ್ ಕರೆದಳು. ಡಿಪೋಗೆ ಫೋನ್ ಮಾಡಿ ಮಗಳಿಗೆ ಸುದ್ದಿ ಮುಟ್ಟಿಸಿದಳು. ಮಗಳು ಟಿಕೆಟ್ ಚೀಲ ಹೆಗಲಲ್ಲೇ ಇಟ್ಟುಕೊಂಡು, ಯೂನಿಫಾರಂನಲ್ಲೇ ಆಸ್ಪತ್ರೆಗೆ ಓಡಿಬಂದಳು. ಕೊಡೆಯಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತಳು.

"ನೀವು ಇಲ್ಲದಿದ್ರೆ ಅಮ್ಮ ಸಂಜೆವರೆಗೂ ಅಲ್ಲೇ ಬಿದ್ದಿರ್ತಿದ್ರು ಅಕ್ಕ. ಚರಂಡಿ ಜಗಳ ಎಲ್ಲ ಮರೆತುಬಿಡಿ. ನಿಮ್ಮ ಋಣ ಹೇಗೆ ತೀರಿಸ್ಲಿ?"

ಜೇಬಿನೊಳಗಿನ ಕಡ್ಡಿ ಅವಳ ತೊಡೆಗೆ ಚುಚ್ಚುತ್ತಿತ್ತು. ಡಾಕ್ಟರು ಪಾದದ ಎಕ್ಸ್‌ರೇ ನೋಡುವುದರಲ್ಲಿ ಮುಳುಗಿದ್ದರು. ನರ್ಸು ಭುಜದ ಗಾಯವನ್ನು ಒರೆಸಿ, "ಕಣಜದ್ದಾ? ಕೆರೆದುಕೊಂಡಿದ್ದೀರಿ, ಅದಕ್ಕೇ ರಕ್ತ" ಎಂದು ಮುಲಾಮು ಹಚ್ಚಿದಳು. ಯಾರಿಗೂ ಸಂಶಯವಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಮನೆಗೆ ಬಂದಾಗ ತಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನಮ್ಮಕ್ಕ ಪುಕ್ಕಲಿ ಅಂತಿದ್ರಲ್ಲ, ಈಗ ಹೇಳಲಿ ನೋಡೋಣ!" ಎಂದು ಬೀದಿಯವರಿಗೆಲ್ಲ ಸಾರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಒಬ್ಬೊಬ್ಬರು ಹೊಗಳಿದಾಗಲೂ ಅವಳ ಕೈ ಜೇಬಿಗೆ ಹೋಗುತ್ತಿತ್ತು.

ಕಡ್ಡಿಯನ್ನು ಎಲ್ಲಾದರೂ ಬಿಸಾಡೋಣವೆಂದು ಬಚ್ಚಲಲ್ಲಿ ಕೂತು ಹೊರಗೆ ತೆಗೆದಳು. ಆಗ ಕಂಡದ್ದು ತುಕ್ಕು. ಮೂತಿಯನ್ನು ಮಸೆದಿದ್ದರೂ ಕಡ್ಡಿಯ ಕಾಲುವೆಯೊಳಗೆ ಕೆಂಪು ತುಕ್ಕು, ಅಟ್ಟದ ಕೊಳೆ, ಹಿತ್ತಿಲ ಮಣ್ಣು. ಹತ್ತಾರು ಸಲ ನೆಲಕ್ಕೆ ಬಿದ್ದ ಕಡ್ಡಿ. ಅದೆಲ್ಲ ಮೇಡಂ ಭುಜದೊಳಗೆ ಹೋಗಿದೆ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದವಳೇ, ಆಗಷ್ಟೇ ಕುರ್ಚಿ ಒರೆಸುತ್ತಿದ್ದ ಕತ್ತರಿಯನ್ನು ಕೇಳಿದಳು. "ತುಕ್ಕು ಹಿಡಿದ ಕಬ್ಬಿಣ ಚುಚ್ಚಿದ್ರೆ ಏನಾಗುತ್ತೆ?"

"ತುಕ್ಕಿಗಿಂತ ಅದರ ಮಣ್ಣು ಕೆಟ್ಟದ್ದು ಅಕ್ಕ. ಸುಮ್ನೆ ಬಿಡ್ಬಾರ್ದು, ಇಂಜೆಕ್ಷನ್ ಹಾಕಿಸ್ಬೇಕು. ನಮ್ಮ ಸೋದರಮಾವ ಮೊಳೆ ತುಳಿದಿದ್ರು. ಏನಾಗುತ್ತೆ ಬಿಡು ಅಂದ್ರು. ಎಂಟನೇ ದಿನ ದವಡೆ ಕಚ್ಕೊಂಡುಬಿಡ್ತು. ಒಂದು ಚಮಚ ನೀರು ಬಾಯೊಳಗೆ ಹೋಗ್ಲಿಲ್ಲ. ಧನುರ್ವಾಯು." ಅವನು ಬಟ್ಟೆ ಒದರುತ್ತ ಅವಳ ಮುಖ ನೋಡಿದ. "ಯಾಕಕ್ಕ, ಚುಚ್ಕೊಂಡ್ರಾ?"

"ನನಗಲ್ಲ" ಎಂದಳು. ತೆರೆದ ಅಂಗಡಿಯನ್ನು ಹಾಗೆಯೇ ಮುಚ್ಚಿದಳು.

ಆಸ್ಪತ್ರೆ ಅರ್ಧ ಗಂಟೆಯ ದಾರಿ. ಬಸ್ಸು ಹತ್ತಲಿಲ್ಲ, ಕಂಡಕ್ಟರನ ಮುಖ ನೋಡುವ ಧೈರ್ಯವಿರಲಿಲ್ಲ. ನಡೆದಳು. ನರ್ಸಿನ ಕಿವಿಯಲ್ಲಿ ಹೇಳಿ ಓಡಿಬಂದುಬಿಡಲೇ ಎಂದು ಯೋಚಿಸಿದಳು. ಹೆಸರು ಹಾಕದೆ ಚೀಟಿ ಬರೆದರೆ? ಅಟ್ಟದ ಮೊಳೆಗೆ ತಾಗಿರಬಹುದೆಂದು ಸುಳ್ಳು ಹೇಳಿದರೆ? ಮೇಡಂ ಹಿತ್ತಿಲಲ್ಲಿ ಅಟ್ಟ ಎಲ್ಲಿಂದ ಬಂತು! ಜೈಲು, ಪೊಲೀಸು, ತಮ್ಮನ ತಗ್ಗಿದ ತಲೆ, ಎಲ್ಲವೂ ಕಣ್ಣ ಮುಂದೆ ಸಾಲಾಗಿ ಬಂದವು. ವಾರ್ಡಿನ ಬಾಗಿಲು ದೂಡಿ ಒಳಗೆ ಬಂದಳು. ಮಗಳು ತಾಯಿಗೆ ಗಂಜಿ ಕುಡಿಸುತ್ತಿದ್ದಳು.

"ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದಳು ಮಗಳು.

ಕೊಡೆಯಕ್ಕ ಕೂರಲಿಲ್ಲ. ಜೇಬಿನಿಂದ ಕಡ್ಡಿ ತೆಗೆದು ಹಾಸಿಗೆಯ ಮೇಲೆ ಇಟ್ಟಳು. "ಕಣಜ ಅಲ್ಲ ಮೇಡಂ. ಇದು. ನಾನು ಎಸೆದಿದ್ದು. ತುಕ್ಕು ಹಿಡಿದಿತ್ತು. ಇಂಜೆಕ್ಷನ್ ಹಾಕಿಸಿ, ಮೊದಲು ಇಂಜೆಕ್ಷನ್ ಹಾಕಿಸಿ, ಆಮೇಲೆ ನನ್ನನ್ನ ಏನಾದ್ರೂ ಮಾಡಿ."

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಲೋಟ ಕೆಳಗಿಟ್ಟು ನರ್ಸನ್ನು ಕರೆಯಲು ಓಡಿದಳು. ಇಂಜೆಕ್ಷನ್ ಹಾಕಿದರು, ಗಾಯವನ್ನು ಬಿಡಿಸಿ ತೊಳೆದರು. ಕೊಡೆಯಕ್ಕ ಗೋಡೆಗೆ ಒತ್ತಿಕೊಂಡು, ಆಟ, ಗುಬ್ಬಿ, ಕೋಟೆ, ಹಲಗೆ ಎಂದು ತೊದಲುತ್ತ ಎಲ್ಲವನ್ನೂ ಹೇಳಿದಳು. ನರ್ಸು ಹೋದ ಮೇಲೆ ಮೇಡಂ ಮಾತಾಡಿದರು. ಸಿಟ್ಟಿರಲಿಲ್ಲ. ಕರಿಹಲಗೆಯ ಮುಂದೆ ನಿಂತ ವಿದ್ಯಾರ್ಥಿಯನ್ನು ಕೇಳುವ ದನಿ.

"ಎಷ್ಟು ಹೊತ್ತು ಬಿಟ್ಟು ಬಂದೆ?"

"ಒಂದ್... ಹದಿನೈದು, ಇಪ್ಪತ್ತು ನಿಮಿಷ ಇರ್ಬಹುದು ಮೇಡಂ."

"ಮೂವತ್ನಾಕು. ನೋವಾದಾಗ ಸೆಕೆಂಡಿಗೊಂದು ಎಣಿಸೋದು ನಂಗೆ ಅಭ್ಯಾಸ. ಬಿದ್ದ ಕೂಡ್ಲೇ ಶುರು ಮಾಡ್ದೆ. ನೂರಾ ಎಂಬತ್ತು ಎಣಿಸೋವಾಗ ನಿಮ್ಮನೇಲಿ ಹೊಲಿಗೆ ಮೆಷಿನ್ ಶುರುವಾಯ್ತು. ಸದ್ಯ, ಕೊಡೆಯಕ್ಕ ಮನೇಲಿದ್ದಾಳೆ, ಬರ್ತಾಳೆ ಅಂತ ಜೀವ ಬಂದಂಗಾಯ್ತು. ಆ ಸದ್ದು ಹಿಡ್ಕೊಂಡೇ ಮಲಗಿದ್ದೆ. ಕೂಗಿದೆ. ಮೆಷಿನ್ ಗದ್ದಲಕ್ಕೆ ಕೇಳಿಸ್ತಿಲ್ಲ ಅಂದ್ಕೊಂಡೆ. ನಿನ್ನ ಹೆಜ್ಜೆ ಸದ್ದು ಬಂದಾಗ ಎರಡು ಸಾವಿರದ ಅರವತ್ತು."

ಕೊಡೆಯಕ್ಕ ಗೋಡೆ ಬಿಟ್ಟು ಈಚೆ ಬಂದಳು. "ಕೇಳಬಾರ್ದು ಅಂತಲೇ ತುಳಿದೆ ಮೇಡಂ."

ಅದನ್ನು ಅವಳು ಹೇಳಬೇಕಾಗಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೇಳಿದಳು.

ಮಗಳು ಎದ್ದು ಬಂದಳು. ಹೊಡೆಯುತ್ತಾಳೆಂದೇ ಕೊಡೆಯಕ್ಕ ಕಣ್ಣು ಮುಚ್ಚಿದಳು. "ಆಚೆ ಹೋಗಿ" ಎಂದಳು ಮಗಳು, ಹಲ್ಲು ಕಚ್ಚಿ. "ನಿನ್ನೆ ನಿಮ್ಮ ಕೈ ಹಿಡ್ಕೊಂಡು ಅತ್ತೆನಲ್ಲ ನಾನು. ಆಚೆ ಹೋಗಿ."

ಮಗಳು ದೂರು ಕೊಟ್ಟಳು. ಶನಿವಾರ ಸಂಜೆ ಹೆಂಗಸು ಪೇದೆಯೊಬ್ಬರು ಮನೆಗೆ ಬಂದರು. ಚಿಂದಿಮೂಟೆಯಿಂದ ತೆಗೆದ ಕಡ್ಡಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದನ್ನು ಬೆರಳ ಮೇಲೆ ತೂಗಿ ನೋಡಿ ಕೇಳಿದರು:

"ಇದು ಯಾರಿಗೆ ಹೊಡೆಯೋಕೆ ಮಾಡಿದ್ದಮ್ಮಾ?"

"ಕಾವಲುಗಾರನಿಗೆ" ಎಂದಳು ಕೊಡೆಯಕ್ಕ. ಭಯಕ್ಕೆ ಸತ್ಯವೇ ಬಾಯಿಗೆ ಬಂತು.

ಪೇದೆಯ ಪೆನ್ನು ನಿಂತಿತು. "ಯಾವ ಕಾವಲುಗಾರ? ಯಾವ ಕಟ್ಟಡದ್ದು?"

"ಕೋಟೆದು. ಬಾಗಿಲಲ್ಲಿ ನಿಂತಿರ್ತಾನೆ. ಅವನು ಬಿದ್ರೆ ನಾವು ಆಯುಧದ ಕೋಣೆಗೆ ನುಗ್ಗಿ..."

"ನಾವು ಅಂದ್ರೆ? ಎಷ್ಟು ಜನ?"

ತಮ್ಮನ ಹೆಂಡತಿ ಗಾಬರಿಯಾಗಿ ಆಟದ ಸಾಮಾನನ್ನೆಲ್ಲ ತಂದು ಹರಡಿದಳು. ಅದರಲ್ಲಿ ಕೋಟೆಯ ನಕ್ಷೆಯೂ ಇತ್ತು. ಕಾವಲುಗಾರರು ಪಾಳಿ ಬದಲಿಸುವ ಹೊತ್ತು, ಓಡಿಹೋಗುವ ದಾರಿ ಎಲ್ಲ ಕೆಂಪು ಶಾಯಿಯಲ್ಲಿ. ಪೇದೆ ಅದನ್ನು ನೋಡಿದ್ದೇ ಕುರ್ಚಿಯ ತುದಿಗೆ ಸರಿದು ಕೂತರು. ಇಪ್ಪತ್ತು ಮುಖದ ದಾಳ ತೋರಿಸಿ, ನಿಯಮದ ಪುಸ್ತಕ ತೋರಿಸಿ, ಕತ್ತರಿಯನ್ನೂ ಅಂಗಡಿಯಿಂದ ಕರೆಸಿ, ಇದು ಕಥೆ, ಬರೀ ಕಥೆ ಎಂದು ಒಪ್ಪಿಸಲು ಒಂದು ಗಂಟೆ ಬೇಕಾಯಿತು. ಕೊನೆಗೆ ಪೇದೆ ಹೇಳಿಕೆ ಬರೆಸಿಕೊಂಡು, ಕಡ್ಡಿಗಳನ್ನು ಕಟ್ಟಿಕೊಂಡು ಎದ್ದರು.

"ಕಥೇಲಿ ಏನು ಬೇಕಾದ್ರೂ ಎಸೀರಿ. ಹಿತ್ತಿಲಲ್ಲಿ ಇನ್ನೊಮ್ಮೆ ಎಸೆದ್ರೆ ನಾನು ಇಷ್ಟು ಹೊತ್ತು ಕೂತು ಕೇಳೋದಿಲ್ಲ."

ಮೇಡಂ ಬೇಡ ಎಂದಿದ್ದರೆ ಮಗಳು ದೂರು ಹಿಂದೆಗೆದುಕೊಳ್ಳುತ್ತಿದ್ದಳೇನೋ. ಮೇಡಂ ಹಾಗೆನ್ನಲಿಲ್ಲ. "ಅವಳು ಕೊಟ್ಟಿದ್ದು ಸರಿಯಾಗಿದೆ" ಎಂದರಂತೆ. ಠಾಣೆಯಲ್ಲಿ ಕೊಡೆಯಕ್ಕನನ್ನು ಎರಡು ಸಲ ಕರೆಸಿದರು. ಬೇಕೆಂದು ಮಾಡಿದ್ದಲ್ಲವೆಂದು ಬರೆದು, ಎಚ್ಚರಿಕೆ ಕೊಟ್ಟು ಕಳಿಸಿದರು. ಆ ಎರಡು ಸಲವೂ ಅವಳು ಹಿಂದಿನ ದಿನದಿಂದ ಅನ್ನ ಮುಟ್ಟಿರಲಿಲ್ಲ. ಆದರೆ ಅವಳೇ ಆಮೇಲೆ ಕತ್ತರಿಗೆ ಹೇಳಿದಂತೆ, ಠಾಣೆಯ ಬೆಂಚು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮನೆಯಲ್ಲಿ ಮೆಷಿನ್ನಿನ ಮುಂದೆ ಕೂರುವುದು. ತುಳಿಯಲು ಕಾಲಿಟ್ಟರೆ ಗೋಡೆಯಾಚೆ ಯಾರೋ ಎಣಿಸುತ್ತಿದ್ದಂತೆ ಕೇಳುತ್ತಿತ್ತು. ಕೆಲವು ವಾರ ಕೊಡೆಯ ಬಟ್ಟೆಯನ್ನೆಲ್ಲ ಕೈಯಲ್ಲೇ ಹೊಲಿದಳು.

ಮೇಡಂ ಪಾದಕ್ಕೆ ಲೋಹದ ಪಟ್ಟಿ ಹಾಕಿ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಕೊಡೆಯಕ್ಕ ಅವರ ಗೇಟಿನ ಮುಂದೆ ನಿಂತಳು. "ಬಟ್ಟೆ ಒಗೆದುಕೊಡ್ತೀನಿ" ಎಂದಳು. ಮಗಳು ಬಾಗಿಲು ಹಾಕಿಕೊಂಡಳು. ಎರಡನೆಯ ದಿನವೂ ಹಾಕಿಕೊಂಡಳು. ಮೂರನೆಯ ದಿನ ಏನೂ ಮಾತಾಡದೆ ಬಟ್ಟೆ ತುಂಬಿದ ಬಕೆಟ್ಟನ್ನು ಗೇಟಿನ ಹೊರಗಿಟ್ಟು ಡ್ಯೂಟಿಗೆ ಹೋದಳು. ಹತ್ತು ವಾರ ಹಾಗೆಯೇ ನಡೆಯಿತು. ಅವಳು ಹಿತ್ತಿಲಲ್ಲಿ ಒಗೆಯುವಾಗ ಮೇಡಂ ಒಳಗೆ ಕಿಟಕಿಯಲ್ಲಿ ಕೂತು ಮಾತಾಡಿಸುತ್ತಿದ್ದರು. ಒಂದು ದಿನ ಆಟದ ನಿಯಮ ಕೇಳಿ, "ಇಪ್ಪತ್ತರಲ್ಲಿ ನಾಲ್ಕು ಅಂದ್ರೆ ಐದರಲ್ಲಿ ಒಂದು ಪಾಲು. ಅಷ್ಟು ಕಳೆದ್ರೆ ಹೇಗೆ ತಾಗುತ್ತೆ? ಅದಕ್ಕೇ ನೀನು ಹಲಗೆ ತಗೊಂಡು ನಿಂತೆ" ಎಂದರು. ನಕ್ಕರೋ ಇಲ್ಲವೋ ಕಿಟಕಿಯ ಸರಳುಗಳ ಹಿಂದೆ ಕಾಣಲಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ಯಾವತ್ತೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗುತ್ತಿತ್ತು.

ಭಾನುವಾರದ ಆಟ ಅಷ್ಟು ದಿನ ನಿಂತಿತ್ತು. ಗುಬ್ಬಿಯನ್ನು ಸಾಯಿಸಿಬಿಡು ಎಂದು ಅವಳು ತಮ್ಮನ ಹೆಂಡತಿಗೆ ಹೇಳಿದ್ದಳು. "ಜ್ವರ ಬಂದು ಮಲಗಿದ್ದಾಳೆ ಅಂತ ಇಟ್ಕೊಂಡಿದ್ದೀನಿ ಅತ್ತಿಗೆ. ನಿಮಗೆ ಬೇಕಾದಾಗ ಎಬ್ಬಿಸಿ" ಎಂದಳು ಅವಳು. ನಾಲ್ಕನೆಯ ತಿಂಗಳಲ್ಲಿ ಕೊಡೆಯಕ್ಕ ಮತ್ತೆ ಮೇಜಿಗೆ ಬಂದು ಕೂತಳು. ಕಡ್ಡಿ, ತಾಮ್ರದ ತಂತಿ, ಬಾಲದ ನಾಲ್ಕು ಪಟ್ಟಿ, ಎಲ್ಲವನ್ನೂ ಮೆಲುದನಿಯಲ್ಲಿ ಬಾಯಲ್ಲೇ ವಿವರಿಸಿದಳು. ಯಾರೂ ತಮಾಷೆ ಮಾಡಲಿಲ್ಲ. ಕಡಿತ ತೆಗೆದರು. ದಾಳ ಉರುಳಿತು, ಹದಿನೇಳು ಬಿತ್ತು. ಕಾವಲುಗಾರ ನೆಲಕ್ಕೆ ಬಿದ್ದ.

"ಬಾಗಿಲು ತೆರೆದಿದೆ ಅಕ್ಕ, ಓಡು!" ಎಂದ ಕತ್ತರಿ, ಕುರ್ಚಿಯಿಂದ ಅರ್ಧ ಎದ್ದು.

"ತಡಿ. ಗುಬ್ಬಿ ಅವನ ಹತ್ರ ಹೋಗ್ತಾಳೆ. ಎಲ್ಲಿಗೆ ತಾಗಿದೆ ನೋಡ್ತಾಳೆ."

"ಅಯ್ಯೋ ಮಾರಾಯ್ತಿ, ಅವನು ಶತ್ರು!"

"ಇರ್ಲಿ. ಉಸಿರಾಡ್ತಿದ್ದಾನಾ?"

ಉಸಿರಾಡುತ್ತಿದ್ದ. ಗುಬ್ಬಿ ಅವನ ಗಾಯ ಕಟ್ಟುವಷ್ಟರಲ್ಲಿ ಬೇರೆ ಕಾವಲುಗಾರರು ಬಂದು ಎಲ್ಲರನ್ನೂ ಹಿಡಿದು ಹಾಕಿದರು. ಮೂರು ವಾರ ಯಾರಿಗೂ ಸೆರೆಯಿಂದ ಬಿಡುಗಡೆಯಾಗಲಿಲ್ಲ. ಕತ್ತರಿ ಅದನ್ನು ಇಂದಿಗೂ ಎತ್ತಿ ಆಡುತ್ತಾನೆ.

ಮುಂದಿನ ವರ್ಷ ಮಗಳಿಗೆ ಬೇರೆ ಡಿಪೋಗೆ ವರ್ಗವಾಯಿತು. ಬೆಳಿಗ್ಗೆಯೇ ಲಾರಿ ಬಂದು ನಿಂತಿತು. ಕೊಡೆಯಕ್ಕ ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಟ್ಟಳು, ಹಾಸಿಗೆ ಹೊತ್ತಳು. ಮೇಡಂ ಕೋಲೂರಿಕೊಂಡು ಮುಂದಿನ ಸೀಟಿಗೆ ಹತ್ತಿದರು. "ಬರ್ತೀನಮ್ಮಾ" ಎಂದರು.

ಆಸ್ಪತ್ರೆಯ ಆ ದಿನದಿಂದ ಒಂದು ಮಾತೂ ಆಡದಿದ್ದ ಮಗಳು ಲಾರಿಯ ಬಾಗಿಲು ಹಿಡಿದುಕೊಂಡು ತಿರುಗಿದಳು. "ಥಂಡಿ ಇದ್ದಾಗ ಅಮ್ಮನ ಕಾಲು ಇನ್ನೂ ನೋಯುತ್ತೆ" ಎಂದಳು. ಆಮೇಲೆ, "ಹೋಗ್ತೀವಿ" ಎಂದಳು. ಬರ್ತೀವಿ ಅನ್ನಲಿಲ್ಲ.

"ಹೂಂ, ಹೋಗ್ಬನ್ನಿ" ಎಂದಳು ಕೊಡೆಯಕ್ಕ. ಲಾರಿ ಬೀದಿ ತಿರುಗುವವರೆಗೆ ನಿಂತು, ಆಮೇಲೆ ಅಂಗಡಿಗೆ ಹೊರಟಳು. ಮಧ್ಯಾಹ್ನಕ್ಕೆ ಮೂರು ಕೊಡೆ ಕೊಡಬೇಕಿತ್ತು.